ಮೂರು ಕುದಿ

ಫೆಬ್ರವರಿ 9, ಸೋಮವಾರ

ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೇನೋ ಗೊತ್ತಿಲ್ಲ, ಈ ನೋಟ್‌ಬುಕ್ಕಿನ ಹತ್ತಿರವೇ ಇರಬೇಕು. ಇದು ಬಿಯರ್ ಕಾಲೇಜಿನವರು ಬಾರ್ಲಿ ಗಂಜಿಯ ಶಾಖ ಬರೆದಿಡಲು ಕೊಟ್ಟದ್ದು. ಮುಂದಿನ ಹಾಳೆಗಳು ಅಂಕಿಗಳಿಗೆ. ನಾನು ಪುಸ್ತಕವನ್ನು ತಿರುಗಿಸಿ ಹಿಡಿದು ಹಿಂದಿನಿಂದ ಕಳ್ಳತನದಲ್ಲಿ ಬರೆಯುತ್ತಿದ್ದೇನೆ. ಈ ಹಾಳೆಗಳಿಗೆ ರಬ್ಬರ್ ಬ್ಯಾಂಡ್ ಹಾಕಿಡುತ್ತೇನೆ.

ಹದಿಮೂರು ತುಂಬಿದ ಮೇಲೆ ದಿನಚರಿ ಬರೆದಿಲ್ಲ. ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳು ನನ್ನ ದಿನಚರಿ ಕದ್ದು, ಊಟದ ಹಾಲಿನಲ್ಲಿ ಬೆಂಚು ಹತ್ತಿ ಗಟ್ಟಿಯಾಗಿ ಓದಿದಳು. ಎಂಬತ್ತು ಹುಡುಗಿಯರು ಸೂಪು ಕುಡಿಯುವುದನ್ನು ನಿಲ್ಲಿಸಿ ಕೇಳಿದರು. ಅಪ್ಪ ಇಂಗ್ಲೆಂಡಿನಿಂದ ಫೋನ್ ಮಾಡದ ಭಾನುವಾರಗಳ ಬಗ್ಗೆ ಬರೆದದ್ದನ್ನು ಎರಡು ಸಲ ಓದಿಸಿದರು. ಒಬ್ಬರ ಒಳಗಿನದನ್ನು ಹಾಗೆ ಹತ್ತು ಜನರ ಮುಂದೆ ತೆರೆದಿಡುವವರನ್ನು ನಾನು ಯಾವತ್ತೂ ಕ್ಷಮಿಸುವುದಿಲ್ಲ.

ಇವತ್ತು ಕ್ರೆಬ್ಸ್‌ಗ್ರುಂಡ್‌ಗೆ ಬಂದೆ. ಬಸ್ಸಿನಲ್ಲಿ ಮೂರು ಸಲ ಟಿಕೆಟ್ ಮುಟ್ಟಿ ನೋಡಿಕೊಂಡೆ. ಊರಿನ ಹದಿನೇಳು ಮನೆಗಳಿಗೆ ಸೇರಿದ ಒಂದು ಬಿಯರ್ ಮನೆ, ಅದಕ್ಕೊಬ್ಬ ಮೇಸ್ತ್ರಿ. ಅವರ ಕೈಕೆಳಗೆ ಒಂಬತ್ತು ವಾರ ಕೆಲಸ ಕಲಿಯಬೇಕು. ಕೊನೆಯ ದಿನ ಅವರು ನನ್ನ ಫಾರಂಗೆ ಸಹಿ ಹಾಕಬೇಕು. ಏಪ್ರಿಲ್ ಹದಿನೈದರ ಒಳಗೆ ಅದು ಕಾಲೇಜಿಗೆ ತಲುಪದಿದ್ದರೆ ಮೊದಲ ವರ್ಷದಲ್ಲೇ ನನ್ನ ಹೆಸರು ಹೊಡೆದುಹಾಕುತ್ತಾರೆ. ಅಮ್ಮ ಹೇಳಿದ್ದಾಳೆ: "ಇದೂ ಆಗದಿದ್ರೆ ಇನ್ನೇನು ಮಾಡ್ತೀಯೋ ನೀನೇ ಯೋಚಿಸು."

ಮೇಸ್ತ್ರಿಯ ಹೆಸರು ಡಿಪ್ಪೋಲ್ಡ್. ಅರವತ್ತಾರು ವಯಸ್ಸು. ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿದೆ. ಬಿಯರ್ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದಾರೆ. ಮೇಸ್ತ್ರಿಯಾಗಿರುವಷ್ಟು ದಿನ ಆ ಮನೆ ಅವರದು. ನಾನು ಒಳಗೆ ಹೋಗುವಾಗ ಕುರ್ಚಿಗೆ ಎಡವಿ ಕುರ್ಚಿಗೇ "ಕ್ಷಮಿಸಿ" ಅಂದೆ. ಅವರು ನಗಲಿಲ್ಲ. ಬ್ರೆಡ್ಡಿನ ಮೇಲೆ ಯಕೃತ್ತಿನ ಸಾಸೇಜು ಸವರಿ ಕೊಟ್ಟು, "ತಿನ್ನು ಮಗೂ, ಹೊಟ್ಟೆ ತುಂಬಿದ್ರೆ ಕುರ್ಚಿ ತಾನೇ ದಾರಿ ಬಿಡುತ್ತೆ" ಅಂದರು.

ಫೆಬ್ರವರಿ 11, ಬುಧವಾರ

ಬುರ್ಗಿ ಅಕ್ಕನ ಹೋಟೆಲಿನಲ್ಲಿ ದೊಡ್ಡ ಮೇಜೊಂದಿದೆ. ಅದರ ಮೇಲಿನ ತೊಲೆಗೆ ಹತ್ತೊಂಬತ್ತು ಕೊಕ್ಕೆ. ಹದಿನೇಳು ಮನೆಯ ಯಜಮಾನರದು ಒಂದೊಂದು, ಮೇಸ್ತ್ರಿಯದು ಒಂದು. ಕೊಕ್ಕೆಗೊಂದು ಬೂದುಬಣ್ಣದ ಕಲ್ಲುಮಣ್ಣಿನ ಮಗ್ಗು, ಮುಚ್ಚಳದ ಮೇಲೆ ಹೆಸರು. ಒಂದು ಕೊಕ್ಕೆ ಖಾಲಿ. ಅದು ಯಾರದೆಂದು ಕೇಳಿದೆ. ನಲವತ್ತು ವರ್ಷದ ಹಿಂದೆ ಹಾಲಿಗೆ ನೀರು ಬೆರೆಸಿದ ಒಬ್ಬನದಂತೆ. ಅವನ ಮಗ್ಗನ್ನು ಇಳಿಸಿ, ತಣ್ಣೀರಲ್ಲಿ ತೊಳೆದು, ಬೋರಲು ಮಾಡಿ ಕೈಗೆ ಕೊಟ್ಟರಂತೆ. ಯಾರೂ ಏನೂ ಹೇಳಲಿಲ್ಲವಂತೆ. ವಾರದಲ್ಲಿ ಅವನು ಊರು ಬಿಟ್ಟ.

"ಅಷ್ಟೇನಾ?" ಅಂದೆ.

"ಅಷ್ಟೇ ಸಾಕಲ್ಲಮ್ಮ" ಅಂದಳು ಬುರ್ಗಿ ಅಕ್ಕ.

ಹದಿನೇಳು ಮನೆಗೂ ಹಿರಿಯ, ಕಸಾಯಿ ಲೆನ್ಹಾರ್ಟ್. ನನ್ನ ಹೆಸರು ಕೇಳಿದ. ಟಿಲ್ಡಾ ಮಾರ್ಷ್ ಅಂದೆ.

"ಮಾರ್ಷ್? ಅದ್ಯಾವ ಸೀಮೆ ಹೆಸರು?"

"ಕ್ಷಮಿಸಿ, ಅಪ್ಪ ಇಂಗ್ಲಿಷರು."

"ಓಹೋ! ಬಿಯರನ್ನ ಬಿಸಿ ಮಾಡ್ಕೊಂಡು ಕುಡಿಯೋ ಜನ! ಬುರ್ಗೀ, ಇವಳಿಗೆ ಚಹಾ ಕೊಡು. ಅಲ್ಲಾ ಇಂಗ್ಲಿಷಮ್ಮ, ಬವೇರಿಯಾದಲ್ಲಿ ಬಿಯರ್ ಕಲಿಯೋಕೆ ಬಂದೆಯಾ?"

"ಹೌದು."

"ಬವೇರಿಯಾ ಅಲ್ಲ, ಇದು ಫ್ರಾಂಕನ್ ನಾಡು. ಎಲ್ಲಿದೀನಿ ಅಂತಾನೂ ಗೊತ್ತಿಲ್ಲ ಇದಕ್ಕೆ!"

ನಕ್ಷೆಯಲ್ಲಿ ಇದು ಬವೇರಿಯಾವೇ, ಇಲ್ಲಿನವರು ಮಾತ್ರ ಒಪ್ಪುವುದಿಲ್ಲ. ಎಲ್ಲರೂ ಮೇಜು ಬಡಿದು ನಕ್ಕರು. ನಾನು ಕ್ಷಮಿಸಿ ಅಂದೆ. ಅದಕ್ಕೂ ನಕ್ಕರು. ಇವರ ಕಪ್ಪು ಬಿಯರನ್ನು ರಾಜ್ಯದ ಪರಂಪರೆ ಪಟ್ಟಿಗೆ ಸೇರಿಸಲು ಮಾರ್ಚಿನಲ್ಲಿ ಒಂದು ಸಮಿತಿ ಬರಲಿದೆಯಂತೆ. ಮಾತೆಲ್ಲ ಅದರದೇ. "ನಮ್ಮದು ಮೂರು ಕುದಿಯ ಬಿಯರು. ಬಣ್ಣ ಬೆಂಕಿಯಿಂದ ಬಂದದ್ದು, ಡಬ್ಬಿಯಿಂದಲ್ಲ" ಅಂತ ಲೆನ್ಹಾರ್ಟ್ ನಾಲ್ಕು ಸಲ ಹೇಳಿದ.

ರಾತ್ರಿ ಉಗುರು ಕಚ್ಚಿ ರಕ್ತ ಬಂತು. ಬಾಗಿಲ ಚಿಲಕ ಆರು ಸಲ ನೋಡಿದೆ.

ಫೆಬ್ರವರಿ 17, ಮಂಗಳವಾರ

ನಾನು ಕಂಡದ್ದು ತಪ್ಪಿರಬಹುದು. ತಪ್ಪೇ ಆಗಿರಲಿ.

ಇವತ್ತು ಬಿಯರ್ ಬೇಯಿಸುವ ದಿನ. ಮೊಳಕೆ ಬಾರ್ಲಿಯ ಹಿಟ್ಟನ್ನು ದೊಡ್ಡ ಹಂಡೆಯಲ್ಲಿ ನೀರಿಗೆ ಕಲಸಿದರೆ ಗಂಜಿ. ಅದರ ಮೂರನೇ ಒಂದು ಪಾಲು ಮೊಗೆದು, ಸಣ್ಣ ಹಂಡೆಯಲ್ಲಿ ತಳ ಹಿಡಿಯದ ಹಾಗೆ ಕುದಿಸಿ, ತಿರುಗಿ ದೊಡ್ಡದಕ್ಕೆ ಸುರಿಯಬೇಕು. ಹೀಗೆ ಮೂರು ಸಲ. ಪ್ರತಿ ಕುದಿಗೂ ಮೇಸ್ತ್ರಿ ಮಾಡಿನ ಗಂಟೆ ಬಾರಿಸುತ್ತಾರೆ. ಬೀದಿಯಲ್ಲಿ ಸುಟ್ಟ ಬ್ರೆಡ್ಡಿನ ವಾಸನೆ. ಮೂರನೇ ಗಂಟೆಗೆ ಮಕ್ಕಳು ಗಂಜಿಯಿಂದ ಸೋಸಿದ ಸಿಹಿನೀರಿಗೆ ತಂಬಿಗೆ ಹಿಡಿದು ಬರುತ್ತವೆ.

"ಸಣ್ಣ ಹಂಡೆ ನನ್ನ ಪಾಲು. ನೀನು ಇಲ್ಲೇ ಥರ್ಮಾಮೀಟರ್ ಮುಂದೆ ಕೂತ್ಕೋ" ಅಂದರು. ಆಮೇಲೆ ಅಂಕಿಗಳನ್ನು ಅವರೇ ಹೇಳಿ ಬರೆಸಿದರು: ಮೂವತ್ತೇಳು, ಐವತ್ತು, ಅರವತ್ತನಾಲ್ಕು, ಎಪ್ಪತ್ತೈದು. ಪೆನ್ನಿನಲ್ಲಿ ಬರೆದೆ. ಆದರೆ ಹತ್ತು ನಿಮಿಷಕ್ಕೊಮ್ಮೆ ಕಂಡದ್ದನ್ನು ಪಕ್ಕದಲ್ಲಿ ಪೆನ್ಸಿಲಿನಲ್ಲೂ ಬರೆದೆ. ಹಾಗೆ ಬರೆಯದಿದ್ದರೆ ನನಗೆ ಉಸಿರು ಕಟ್ಟುತ್ತದೆ. ಕುದಿದ ಗಂಜಿ ಬಿದ್ದಾಗ ಶಾಖ ಮೆಟ್ಟಿಲಿನಂತೆ ಜಿಗಿಯಬೇಕು. ಜಿಗಿಯಲಿಲ್ಲ. ದೊಡ್ಡ ಹಂಡೆಯನ್ನೇ ನೇರ ಕಾಯಿಸಿದ ಹಾಗೆ ನಿಧಾನವಾಗಿ ಒಂದೇ ಸಮನೆ ಏರಿತು. ಎರಡೇ ತಾಸಿನಲ್ಲಿ ಎಲ್ಲ ಮುಗಿದಿತ್ತು. ಗಂಟೆಗಳು ಮಾತ್ರ ಸಂಜೆಯವರೆಗೂ ಹೊತ್ತಿಗೆ ಸರಿಯಾಗಿ ಮೊಳಗಿದವು.

ಬಕೆಟ್ಟಿಗೆಂದು ಒಳಕೋಣೆಗೆ ಹೋದೆ. ಸಣ್ಣ ಹಂಡೆ ತಣ್ಣಗಿತ್ತು. ಮುಚ್ಚಳದಿಂದ ಹಿಡಿಕೆಗೆ ಜೇಡನ ಎಳೆ. ಕಿಟಕಿಯ ಬಳಿ ಗ್ಯಾಸ್ ಒಲೆಯ ಮೇಲೆ ಸೂಪಿನ ಪಾತ್ರೆ. ಅದರಲ್ಲಿ ಒಂದು ಬಕೆಟ್ ಗಂಜಿ ತಳ ಹಿಡಿಯುತ್ತಿತ್ತು. ವಾಸನೆ ಬೀದಿಗೆ ಹೋಗಲೆಂದು ಕಿಟಕಿ ತೆರೆದಿತ್ತು. ಮೇಸ್ತ್ರಿ ನನಗೆ ಬೆನ್ನು ಮಾಡಿ, ಒಂದು ಕ್ಯಾನಿನಿಂದ ಟಾರಿನಂಥ ಕಪ್ಪು ದ್ರವವನ್ನು ಸೌಟಿನಲ್ಲಿ ತೆಗೆದು ತೆಗೆದು ಸೋಸಿದ ಸಿಹಿನೀರಿಗೆ ಹಾಕುತ್ತಿದ್ದರು.

ಅವರು ತಿರುಗಲಿಲ್ಲ. "ಮೂರನೇ ಗಂಟೆ ನೀನು ಬಾರಿಸ್ತೀಯಾ ಮಗೂ? ಕೈ ಏಳ್ತಿಲ್ಲ" ಅಂದರು.

ಬಾರಿಸಿದೆ.

ಫೆಬ್ರವರಿ 18, ಬೂದಿ ಬುಧವಾರ

ಅವರಾಗಿಯೇ ಹೇಳಿದರು. ಹಣೆಯಲ್ಲಿ ಇನ್ನೂ ಚರ್ಚಿನ ಬೂದಿಯಿತ್ತು.

ನಾಲ್ಕು ವರ್ಷದ ಹಿಂದೆ, ಇದೇ ಉಪವಾಸದ ತಿಂಗಳು, ಅವರ ಹೆಂಡತಿ ಮಾರ್ಗಾ ಮಹಡಿಯ ಮೇಲೆ ಕೊನೆಯ ದಿನಗಳಲ್ಲಿದ್ದರು. ತಾವಾಗಿ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. "ಮೂರು ಕುದಿ ಅಂದ್ರೆ ಹನ್ನೆರಡು ಗಂಟೆ ಕೆಳಗಿರಬೇಕು. ಅವಳು ಅಷ್ಟು ಹೊತ್ತು ಒಂದೇ ಮಗ್ಗುಲಲ್ಲಿ ಹೇಗಿರ್ತಾಳೆ? ಅದಕ್ಕೇ ಒಂದು ಸಲ ಕ್ಯಾನು ತರಿಸಿದೆ. ಹುರಿದು ಕರಿ ಮಾಡಿದ ಬಾರ್ಲಿಯ ಬಿಯರೇ ಅದು, ಬಣ್ಣಕ್ಕೆ ಅಂತ ಮಾರ್ತಾರೆ. ಕಾನೂನಿಗೇನೂ ಅಡ್ಡಿಯಿಲ್ಲ. ಈ ಊರಿಗೆ ಅಡ್ಡಿ."

"ಯಾರಿಗೂ ಗೊತ್ತಾಗ್ಲಿಲ್ವಾ?"

"ಲೆನ್ಹಾರ್ಟ್ ಒಂದು ಗುಟುಕು ಕುಡಿದು ಕಣ್ಣೀರು ಹಾಕಿದ. 'ಡಿಪ್ಪೋಲ್ಡ್, ನಮ್ಮಪ್ಪ ಕುಡೀತಿದ್ದ ಬಿಯರ್ ಕಣೋ ಇದು' ಅಂದ. ಅದಾದ ಮೇಲೆ ಯಾವ ಬಾಯಲ್ಲಿ ಹೇಳ್ಲಿ?"

ಆಮೇಲೆ ಭುಜವೂ ಹೋಯಿತಂತೆ. ಪಂಪು ಗಟ್ಟಿ ಗಂಜಿಯನ್ನು ಎಳೆಯುವುದಿಲ್ಲ. ಉದ್ದ ಹಿಡಿಯ ಮೊಗೆಯಲ್ಲಿ ಒಂದೊಂದು ಕುದಿಗೂ ಐವತ್ತು ಸಲ ಎತ್ತಿ ಸುರಿಯಬೇಕು. ಸಮಿತಿ ಬಂದ ದಿನ ನಿಜವಾಗಿ ಮೂರು ಕುದಿ ಮಾಡುತ್ತಾರಂತೆ. "ಈ ಭುಜದಲ್ಲಿ ಅಂಥದ್ದು ಇನ್ನೊಂದು ಉಳಿದಿದೆ. ನೀನೊಂದು ಕೈ ಹಿಡಿ. ಚಳಿಗಾಲದ ಹೊತ್ತಿಗೆ ನಿವೃತ್ತಿ ತಗೋತೀನಿ. ಅಲ್ಲೀವರೆಗೆ ನಿನ್ನೊಳಗೇ ಇರ್ಲಿ."

ಮಾತು ಕೊಟ್ಟೆ. ಅವರು ನನ್ನ ತಲೆ ಸವರಿದರು. ಅಪ್ಪ ಕೂಡ ಹಾಗೆ ಸವರಿದ ನೆನಪಿಲ್ಲ. ಪಾಪದವರು. ಬಹಳ ಒಳ್ಳೆಯವರು. ನಾನು ಯಾರಿಗೂ ಹೇಳುವುದಿಲ್ಲ. ಯಾರಿಗೂ.

ಫೆಬ್ರವರಿ 27, ಶುಕ್ರವಾರ

ಮೀನಿನೂಟಕ್ಕೆ ಬುರ್ಗಿ ಅಕ್ಕನಲ್ಲಿಗೆ ಹೋದೆ. ದೊಡ್ಡ ಮೇಜಿನ ತೊಲೆಯಲ್ಲಿ ಹೊಸದಾಗಿ ಒಂದು ಮೊಳೆ. ಅದಕ್ಕೆ ದಾರದಲ್ಲಿ ಹೂವಿನ ಚಿತ್ರದ ಚಹಾ ಬಟ್ಟಲು ಕಟ್ಟಿ ನೇತುಹಾಕಿದ್ದರು. ಮೇಲೆ ಸುಣ್ಣದಲ್ಲಿ ನನ್ನ ಹೆಸರು.

"ನಿಂಗೂ ಒಂದು ಮಗ್ಗು ಬೇಡ್ವೇನಮ್ಮ?" ಅಂದ ಲೆನ್ಹಾರ್ಟ್.

ಕುಡಿ ಕುಡಿ ಅಂದರು. ಕುಡಿದೆ. ಬಿಯರಲ್ಲ, ಪಾತ್ರೆ ತೊಳೆದ ನೀರು. ನಾನು ಉಗುಳದೆ ನುಂಗಿದ್ದಕ್ಕೆ ಇನ್ನೂ ಜಾಸ್ತಿ ನಕ್ಕರು. "ರುಚಿ ಗೊತ್ತಾಗ್ಲೇ ಇಲ್ಲ ನೋಡ್ರೋ! ಬಿಯರ್ ಕಾಲೇಜು!" ಅವರ ಕೈಯಲ್ಲಿ ತಲೆಗೊಂದು ಮಗ್ಗು, ತುಂಬ ಆ ಕ್ಯಾನಿನ ಬಣ್ಣ. ಅದನ್ನು ಕುಡಿದು ತುಟಿ ಚಪ್ಪರಿಸುತ್ತಿದ್ದರು. ನಾನು ಬಟ್ಟಲನ್ನು ತಿರುಗಿ ಮೊಳೆಗೆ ಸಿಕ್ಕಿಸಿದೆ.

ಮೇಸ್ತ್ರಿಯೂ ಅಲ್ಲೇ ಕೂತಿದ್ದರು. ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದರು. ಸಾಕು ಬಿಡ್ರೋ ಅನ್ನಬಹುದಿತ್ತು.

ಮಾರ್ಚ್ 1, ಭಾನುವಾರ

ಹೇಳಿಬಿಟ್ಟೆ.

ಪೂಜೆ ಮುಗಿದ ಮೇಲೆ ಗಂಡಸರೆಲ್ಲ ಬುರ್ಗಿ ಅಕ್ಕನಲ್ಲಿ ಸೇರುತ್ತಾರೆ. ಮೇಸ್ತ್ರಿ ಆ ಹೊತ್ತಿಗೆ ಮಾರ್ಗಾ ಅವರ ಸಮಾಧಿಗೆ ಹೋಗಿರುತ್ತಾರೆ. ನಾನು ಮೂಲೆಯ ಸಣ್ಣ ಮೇಜಿನಲ್ಲಿ ಕೂತಿದ್ದೆ. ಬಟ್ಟಲು ಇನ್ನೂ ನೇತಾಡುತ್ತಿತ್ತು.

"ಇಂಗ್ಲಿಷಮ್ಮ, ಮೂರು ಕುದಿ ಅಂದ್ರೇನು ಗೊತ್ತಾ?" ಅಂದ ಲೆನ್ಹಾರ್ಟ್. "ಪುಸ್ತಕದಲ್ಲಿ ಸಿಗಲ್ಲ ಅದು. ಇಲ್ಲಿ ಹುಟ್ಟಿದೋರ ನಾಲಿಗೆಗೆ ಮಾತ್ರ ಸಿಗೋದು."

"ಕ್ಷಮಿಸಿ" ಅಂದೆ. "ನೀವು ನಾಲ್ಕು ವರ್ಷದಿಂದ ಕುಡೀತಿರೋದು ಒಂದು ಕುದಿಯದ್ದೂ ಅಲ್ಲ."

ಯಾರೂ ನಗಲಿಲ್ಲ. ಮೊದಲ ಸಲ.

"ಏನಂದೆ?"

"ಡಬ್ಬಿಯ ಬಣ್ಣ. ನನ್ನ ಪುಸ್ತಕದಲ್ಲಿ ಅಂಕಿ ಇದೆ."

ಓಡಿಹೋಗಿ ನೋಟ್‌ಬುಕ್ ತಂದೆ. ಹಿಂದಿನ ಹಾಳೆಗಳ ರಬ್ಬರ್ ಬ್ಯಾಂಡಿನ ಮೇಲೆ ಇನ್ನೊಂದು ಬ್ಯಾಂಡು ಹಾಕಿ ಕೊಟ್ಟೆ. ಲೆನ್ಹಾರ್ಟ್ ಎದ್ದು ನಿಂತು, ಪೆನ್ಸಿಲ್ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದ. ಎಲ್ಲರೂ ಸೂಪು ಬಿಟ್ಟು ಕೇಳಿದರು. ಹಂಡೆ, ಜೇಡ, ಸೂಪಿನ ಪಾತ್ರೆ, ಮಾರ್ಗಾ ಅವರ ವಿಷಯ, ಎಲ್ಲ ಬಾಯಲ್ಲೇ ಹೇಳಿದೆ. ಕೇಳಿದರು, ಹೇಳಿದೆ. ಅಂಕಿ ಓದುವುದು ದಿನಚರಿ ಓದಿದ ಹಾಗಲ್ಲ. ಅದು ದಾಖಲೆ. ಕಾಲೇಜಿನಲ್ಲಿ ಅದನ್ನೇ ಕಲಿಸುವುದು.

ಲೆನ್ಹಾರ್ಟ್ ತನ್ನ ಮಗ್ಗಿನೊಳಗೆ ನೋಡಿದ. ಕಿವಿ ಕೆಂಪಾಗಿತ್ತು. "ಅತ್ತಿದ್ನಲ್ಲೋ ನಾನು" ಅಂದ, ಪಕ್ಕದವನಿಗೆ. "ಅವನೆದುರು ಅತ್ತಿದ್ನಲ್ಲ."

ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಜರುಗಿ, "ಬಾ, ಇಲ್ಲಿ ಕೂತ್ಕೋ ಟಿಲ್ಡಾ" ಅಂದ. ಬುರ್ಗಿ ಅಕ್ಕ ಹುರಿದ ಹಂದಿಭುಜ, ಆಲೂಗಡ್ಡೆ ಉಂಡೆ ತಂದಿಟ್ಟಳು. ಉಪವಾಸದ ತಿಂಗಳು, ಆದರೂ ಭಾನುವಾರವಲ್ಲವೇ. ಎರಡು ಉಂಡೆ ತಿಂದೆ.

ಮಾರ್ಚ್ 2, ಸೋಮವಾರ

ಚೆನ್ನಾಗಿ ನಿದ್ದೆ ಬಂತು. ಸಮಿತಿ ಹೋಗುವವರೆಗೆ ಯಾರೂ ಬಾಯಿ ಬಿಡುವುದಿಲ್ಲ ಅಂತ ಹದಿನೇಳು ಮನೆಯೂ ತೀರ್ಮಾನಿಸಿದೆ. ಮೇಸ್ತ್ರಿಗೆ ಏನೂ ಗೊತ್ತಿಲ್ಲ. ಬೆಳಿಗ್ಗೆ ಎಂದಿನಂತೆ ಬ್ರೆಡ್ಡು ಸವರಿ ಕೊಟ್ಟರು.

ಮಾರ್ಚ್ 10, ಮಂಗಳವಾರ

ಸಮಿತಿ ಬಂದಿತ್ತು. ಇಬ್ಬರು ಹೆಂಗಸರು, ಒಬ್ಬ ಗಂಡಸು, ಕ್ಯಾಮೆರಾ.

ಬೆಳಿಗ್ಗೆಯೇ ಲೆನ್ಹಾರ್ಟ್ ನನ್ನನ್ನು ಕರೆದು, "ನೀನು ಅಂಕಿ ಮಾತ್ರ ಬರಿ. ಯಾರೂ ಕೈ ಹಾಕ್ಬಾರದು" ಅಂದಿದ್ದ. ಯಜಮಾನರೆಲ್ಲ ಹಬ್ಬದ ಕೋಟು ಹಾಕಿ ಗೋಡೆಗೆ ಒರಗಿ ನಿಂತಿದ್ದರು.

ಮೇಸ್ತ್ರಿ ಮೊದಲ ಕುದಿ ಚೆನ್ನಾಗಿ ಮಾಡಿದರು. ಐವತ್ತು ಮೊಗೆ. ಎರಡನೆಯದಕ್ಕೆ ಭುಜ ನಡುಗತೊಡಗಿತು, ಗಂಜಿ ಎಡತೋಳಿನ ಮೇಲೆ ಚೆಲ್ಲಿ ಚರ್ಮ ಕೆಂಪಗೆ ಬೊಬ್ಬೆ ಎದ್ದಿತು. ಮೊಗೆಯನ್ನು ಹಂಡೆಯ ಅಂಚಿಗೆ ಊರಿ ನನ್ನ ಕಡೆ ತಿರುಗಿದರು.

"ಮಗೂ, ಒಂದು ಕೈ ಹಿಡೀತೀಯಾ?"

ನಾನು ಲೆನ್ಹಾರ್ಟ್ ಕಡೆ ನೋಡಿದೆ. ಆಮೇಲೆ ಥರ್ಮಾಮೀಟರ್ ನೋಡಿದೆ. ಅರವತ್ತನಾಲ್ಕು. ಬರೆದೆ.

"ಇವರಿಗೆ ಸಹಾಯಕ್ಕೆ ಯಾರೂ ಇಲ್ವಾ?" ಅಂದಳು ಸಮಿತಿಯ ಹೆಂಗಸು.

"ನಮ್ಮ ಮೇಸ್ತ್ರಿ ಬೇರೆಯವರ ಕೈ ಮುಟ್ಟೋಕೆ ಬಿಡಲ್ಲ ಮೇಡಂ" ಅಂದ ಲೆನ್ಹಾರ್ಟ್. "ಅದೇ ಸಂಪ್ರದಾಯ. ಅಲ್ವೇನೋ ಡಿಪ್ಪೋಲ್ಡ್?"

ಆಕೆ ಅದನ್ನು ಬರೆದುಕೊಂಡಳು. ಗೋಡೆಯ ಕಡೆ ಯಾರೋ ಮೂಗಲ್ಲಿ ನಕ್ಕರು. ಮೂರನೇ ಕುದಿಗೆ ಮೇಸ್ತ್ರಿ ಎಡಗೈಯಲ್ಲಿ ಮೊಗೆದರು, ಬಲಗೈ ಬದಿಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಗಂಟೆಯ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. ಕ್ಯಾಮೆರಾದವನಿಗೆ ಬಹಳ ಇಷ್ಟವಾಯಿತು.

ಐದಕ್ಕೆ ಸಮಿತಿ ಹೊರಟಿತು. ಎಲ್ಲರೂ ಬುರ್ಗಿ ಅಕ್ಕನಲ್ಲಿಗೆ ಹೋದೆವು. ಮೇಸ್ತ್ರಿ ನಗುತ್ತ ಬಂದರು, ಮುಖ ಬೂದಿಯಂತಿದ್ದರೂ ನಗುತ್ತಿದ್ದರು. ಲೆನ್ಹಾರ್ಟ್ ಎದ್ದು ಅವರ ಮಗ್ಗನ್ನು ಕೊಕ್ಕೆಯಿಂದ ಇಳಿಸಿದ. ನಲ್ಲಿಯಲ್ಲಿ ತೊಳೆದ. ಬೋರಲು ಮಾಡಿ ಅವರ ಎಡಗೈಗೆ ಕೊಟ್ಟ. ಮಗ್ಗಿನೊಳಗಿನ ನೀರು ಮಣಿಕಟ್ಟಿನ ಬೊಬ್ಬೆಗಳ ಮೇಲೆ ಇಳಿದು ಅಂಗಿಯ ತೋಳಿನೊಳಗೆ ಹೋಯಿತು.

ಅವರು ಮಗ್ಗು ನೋಡಿದರು. ಆಮೇಲೆ ನನ್ನನ್ನು ಹುಡುಕಿ ನೋಡಿದರು.

"ಅಂಕಿ ಸರಿಯಾಗಿ ಬರ್ಕೊಂಡೆಯಾ, ಮಗೂ?"

"ಬರ್ಕೊಂಡೆ."

"ಒಳ್ಳೇದು" ಅಂದು ಹೋದರು. ಬಾಗಿಲು ಸರಿಯಾಗಿ ಹಾಕಿಕೊಳ್ಳಲಿಲ್ಲ. ಚಳಿಗಾಳಿ ಬರುತ್ತಿತ್ತು. ಎದ್ದು ಹೋಗಿ ಹಾಕಿದೆ.

ಮಾರ್ಚ್ 16, ಸೋಮವಾರ

ಮೇಸ್ತ್ರಿಯನ್ನು ಕರೆದೊಯ್ಯಲು ಅವರ ತಂಗಿ ಹೋಫ್‌ನಿಂದ ವ್ಯಾನು ತಂದಿದ್ದಳು. ಸಾಮಾನು ಹೆಚ್ಚಿರಲಿಲ್ಲ. ಯಾರೂ ಕಿಟಕಿ ತೆರೆಯಲಿಲ್ಲ.

ಮಾರ್ಚ್ 19, ಗುರುವಾರ

ಮಹಡಿಗೆ ನಾನೇ ಬಂದಿದ್ದೇನೆ. ಹಂಡೆ, ನೆಲಮಾಳಿಗೆ ನೋಡಿಕೊಳ್ಳಲು ಯಾರಾದರೂ ಬೇಕಲ್ಲ. ಬೆಳಕು ಚೆನ್ನಾಗಿದೆ. ಮಂಚದ ಒಂದು ಮಗ್ಗುಲು ಮಾತ್ರ ಬಹಳ ತಗ್ಗಿದೆ, ಹಾಸಿಗೆ ತಿರುಗಿಸಿ ಹಾಕಿದೆ.

ಚಿಲಕ ಒಂದೇ ಸಲ ನೋಡಿದೆ.

ಏಪ್ರಿಲ್ 5, ಈಸ್ಟರ್

ಚಹಾ ಬಟ್ಟಲು ಇಳಿಸಿದ್ದಾರೆ. ಬುರ್ಗಿ ಅಕ್ಕ ನನಗೆ ಕಲ್ಲುಮಣ್ಣಿನ ಮಗ್ಗು ಕೊಟ್ಟಳು, ಮುಚ್ಚಳದ ಮೇಲೆ ಹೆಸರು ಕೊರೆಸಿದ್ದಾಳೆ. ಖಾಲಿಯಿರುವ ಎರಡು ಕೊಕ್ಕೆಯಲ್ಲಿ ಯಾವುದು ಬೇಕು ಅಂದಳು. ಕಿಟಕಿಯ ಕಡೆಯದು ಅಂದೆ. ಅದು ಡಿಪ್ಪೋಲ್ಡ್ ಅವರದಾಗಿತ್ತು. ಹಾಲಿನವನದಕ್ಕೆ ತುಕ್ಕು ಹಿಡಿದಿದೆ.

ಕಪ್ಪು ಬಿಯರಿನ ಹಳೆಯ ಪೀಪಾಯಿಗಳು ಇವತ್ತಿಗೆ ಮುಗಿದವು.

ಏಪ್ರಿಲ್ 8, ಬುಧವಾರ

ಸಮಿತಿಯ ಎದುರು ಮಾಡಿದ ಬಿಯರನ್ನು ಇವತ್ತು ತೊಟ್ಟಿಯಿಂದ ತೆಗೆದೆ. ಇನ್ನೂ ಪೂರ್ತಿ ಹಣ್ಣಾಗಿಲ್ಲ, ಆದರೂ ಕುಡಿಯುವ ಹಾಗಿದೆ. ಹದಿನೇಳು ಜನವೂ ಮೇಜಿನ ಸುತ್ತ ಕೂತಿದ್ದರು. ಲೆನ್ಹಾರ್ಟ್ ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿದ. ಕಪ್ಪಲ್ಲ, ಹೊಳೆಯುವ ಕಂದು.

"ಇದೇನಿದು? ಚಹಾನಾ?"

ಯಾರೂ ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದು ಖುಷಿಯಾಯಿತು.

ಕುಡಿದರು. ಬಾಯಿ ಚಪ್ಪರಿಸಿದರು. "ಸುಟ್ಟ ರುಚಿಯೇ ಇಲ್ಲ." "ಬರೀ ಬ್ರೆಡ್ಡಿನ ಸಿಪ್ಪೆ." "ಇದು ನಮ್ಮ ಬಿಯರಲ್ಲ."

"ಬೇಕಂತ ಕೆಡಿಸಿದಾನೆ" ಅಂದ ಲೆನ್ಹಾರ್ಟ್. "ಹೋಗ್ತಾ ಹೋಗ್ತಾ ಹೊಟ್ಟೆಕಿಚ್ಚಿಗೆ ಕೆಡಿಸಿ ಹೋಗಿದಾನೆ. ಟಿಲ್ಡಾ, ನೀನು ಕಲಿತವಳು. ಹೇಳು."

ನಾನೂ ಕುಡಿದೆ. ಅಂಥದ್ದನ್ನು ನಾನು ಎಲ್ಲೂ ಕುಡಿದಿಲ್ಲ. ಮೊದಲು ಒಲೆಯಿಂದ ಆಗಷ್ಟೇ ತೆಗೆದ ರೊಟ್ಟಿಯ ಅಂಚು, ಆಮೇಲೆ ಕಾಡುಜೇನು, ನುಂಗಿದ ಮೇಲೂ ಬಹಳ ಹೊತ್ತು ಗಂಟಲಲ್ಲಿ ಬೆಚ್ಚಗೆ ಉಳಿಯಿತು. ಹದಿನೇಳು ಮುಖಗಳೂ ನನ್ನ ಕಡೆ ತಿರುಗಿದ್ದವು.

"ಸಪ್ಪೆ" ಅಂದೆ.

ಎಂಟುನೂರು ಲೀಟರನ್ನೂ ಚರಂಡಿಗೆ ಬಿಟ್ಟೆವು. ನಾನೇ ನಲ್ಲಿ ತಿರುಗಿಸಿದೆ. ಜೂನ್‌ನಲ್ಲಿ ಪರಂಪರೆಯ ಫಲಕ ಹಾಕಲು ಮಂತ್ರಿಯೊಬ್ಬರು ಬರುತ್ತಾರಂತೆ, ಅಷ್ಟರಲ್ಲಿ ಬಿಯರ್ ಆಗಬೇಕು. ಎಲ್ಲರೂ ಹೋದ ಮೇಲೆ ಲೆನ್ಹಾರ್ಟ್ ಉಳಿದುಕೊಂಡ. ದನಿ ತಗ್ಗಿಸಿ ಕೇಳಿದ:

"ಅವನು ಈ ನಾಲ್ಕು ವರ್ಷ ಮಾಡ್ತಿದ್ದ ಹಾಗೆ ನಿನಗೆ ಬರುತ್ತಾ?"

"ಬರುತ್ತೆ."

"ಅದನ್ನೇ ಮಾಡು. ಯಾರಿಗೂ ಹೇಳ್ಬೇಡ. ಗಂಟೆ ಮಾತ್ರ ಸರಿಯಾಗಿ ಬಾರಿಸು."

ಏಪ್ರಿಲ್ 9, ಗುರುವಾರ

ಕ್ಯಾನು ಬಂತು. ಒಳಕೋಣೆ ತೊಳೆದೆ. ಸೂಪಿನ ಪಾತ್ರೆ ಕಿಟಕಿಯ ಬಳಿ ಇಟ್ಟು ಗಾಳಿ ಯಾವ ಕಡೆ ಹೋಗುತ್ತದೆ ನೋಡಿದೆ. ಒಂದು ಅಂಕಿ ಮಾತ್ರ ಪುಸ್ತಕದಲ್ಲಿಲ್ಲ. ಇವತ್ತೇ ಕಾಗದ ಹಾಕಬೇಕು. ಇಲ್ಲೇ ಬರೆದು ನೋಡಿ ಆಮೇಲೆ ಶುದ್ಧಪ್ರತಿ ಮಾಡುತ್ತೇನೆ.

ಡಿಪ್ಪೋಲ್ಡ್ ಅವರಿಗೆ,

ನನ್ನ ಒಂಬತ್ತು ವಾರ ನಾಳೆಗೆ ಮುಗಿಯುತ್ತದೆ. ಕಾಲೇಜಿನ ಕಡತದಲ್ಲಿ ಮೇಸ್ತ್ರಿ ಎಂದು ನಿಮ್ಮ ಹೆಸರೇ ಇದೆ, ಆದ್ದರಿಂದ ಸಹಿ ನಿಮ್ಮದೇ ಆಗಬೇಕು. ಫಾರಂ ಇದರೊಂದಿಗಿದೆ. ಕೆಳಗಿನ ಗೆರೆಯ ಮೇಲೆ ಹಾಕಿ. ಬಲಗೈ ಆಗದಿದ್ದರೆ ಎಡಗೈಯಲ್ಲಾದರೂ ನಡೆಯುತ್ತದೆ, ವಿಚಾರಿಸಿದ್ದೇನೆ. ಅದು ಹದಿನೈದನೇ ತಾರೀಖಿನೊಳಗೆ ಕಾಲೇಜಿಗೆ ಮುಟ್ಟಬೇಕು.

ಇನ್ನೊಂದು ವಿಷಯ. ಎಂಟುನೂರು ಲೀಟರಿಗೆ ಕ್ಯಾನಿನಿಂದ ಎಷ್ಟು ಸೌಟು ಹಾಕುತ್ತಿದ್ದಿರಿ? ಆ ಹೊತ್ತಿನಲ್ಲಿ ನೀವು ನನಗೆ ಬೆನ್ನು ಮಾಡಿ ನಿಂತಿದ್ದಿರಿ, ಎಣಿಸಲಾಗಲಿಲ್ಲ. ಮಂಗಳವಾರ ಬೆಳಿಗ್ಗೆ ಗಂಜಿ ಕಲಸುತ್ತೇನೆ.

ಬೇಗ ಉತ್ತರ ಬರೆಯಿರಿ.

ಟಿಲ್ಡಾ ಮಾರ್ಷ್